ಎಲ್ಲರನ್ನೂ ಆಡಿಸಿದ ಮೇಷ್ಟ್ರು

ಕಾಲೇಜಿನಲ್ಲಿ ಅವರನ್ನು ಉದ್ದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ತಗ್ಗಿಸಿ, ಬಾಗಿಲೇ ಇಲ್ಲದ ಕಡೆಯಲ್ಲೂ ಒಂದಿಷ್ಟು ಬಗ್ಗಿಯೇ ನಡೆಯುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಬೆಳಗ್ಗೆ ವ್ಯಾಯಾಮದ ತರಗತಿ, ಸಂಜೆ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಅಭ್ಯಾಸ. ಕಾಲೇಜಿನ ಹಿಂಬದಿಯ ಸಿಮೆಂಟ್ ಕೋರ್ಟಿನಲ್ಲಿ ಒಂದು ಕಡೆಯ ಕಂಬ ಸ್ವಲ್ಪ ವಾಲಿತ್ತು. ಹೊರಗಿನಿಂದ ಬಂದ ತಂಡದವರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರ ಹುಡುಗಿಯರಿಗೋ ಆ ವಾಲಿದ ಕಂಬವೇ ಅಭ್ಯಾಸವಾಗಿ, ಬೇರೆ ಕಡೆ ನೆಟ್ಟಗಿರುವ ಬುಟ್ಟಿ ಕಂಡರೆ ಗುರಿ ತಪ್ಪುತ್ತಿತ್ತು. "ನಮ್ಮ ಕಂಬ ಸರಿಯಾಗೇ ಇದೆ, ಉಳಿದಿದ್ದೆಲ್ಲ ವಾಲಿದೆ" ಎಂಬುದು ಮೇಷ್ಟ್ರು ಹೇಳುತ್ತಿದ್ದ ಒಂದೇ ಒಂದು ಜೋಕು. ಪ್ರತಿ ವರ್ಷ ಹೊಸ ಹುಡುಗಿಯರು ಬಂದಾಗ ಅದನ್ನೇ ಹೇಳುವರು, ಹಳೆಯ ಹುಡುಗಿಯರು ಅವರಿಗಿಂತ ಮೊದಲೇ ನಗುವರು.

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಮಹಡಿ ಮೇಲೆ ಎರಡು ಕೋಣೆಯ ಮನೆ. ಅಲ್ಲಿ ಅವರೂ ಅವರ ಹೆಂಡತಿಯೂ ಅಕ್ಕನೂ ಇದ್ದರು. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮನ ಮನೆಗೇ ಬಂದಿದ್ದಳು. ಆಕೆಗೆ ಈ ಆಟ ತಲೆಬುಡ ತಿಳಿಯದು. "ಆ ಬುಟ್ಟಿಗೆ ತಳಾನೇ ಇಲ್ವಲ್ಲೋ. ಹಾಕಿದ್ದೆಲ್ಲ ಸೋರಿ ಹೋದ್ರೆ ಯಾರು ತಾನೇ ಗೆಲ್ತಾರೆ?" ಎನ್ನುತ್ತಿದ್ದಳು. ಆಟ ತಿಳಿದಿದ್ದವಳು ಮೇಷ್ಟ್ರ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ ರಜೆ ಹೊಂದಿಸಿಕೊಂಡು ಪಂದ್ಯಗಳಿಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮನೆಗೆ ಬಂದ ಮೇಲೆ ಗಂಡನಿಗೆ ಮುಲಾಜಿಲ್ಲದೆ ಪಾಠ ಮಾಡುತ್ತಿದ್ದಳು.

"ಆ ಕನ್ನಡಕದ ಹುಡುಗೀನ ಕೊನೇಲಿ ಇಳಿಸಿದ್ರಲ್ಲ, ಅವಳ ಮುಖ ನೋಡಿದ್ರಾ?"

"ಯಾಕೆ, ಚೆನ್ನಾಗೇ ಓಡಿದ್ಲಲ್ಲ."

"ಅದು ಆಡೋ ಮುಖ ಅಲ್ಲಾರೀ. ಸೂಜಿ ಚುಚ್ಚಿಸ್ಕೊಳ್ಳೋಕೆ ಬಂದೋರ ಮುಖ. ದಿನಾ ನೋಡ್ತೀನಿ ನಾನು."

ಮೇಷ್ಟ್ರು ನಕ್ಕುಬಿಡುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಹೆಂಡತಿಯ ಮಾತನ್ನೂ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರ ತಂಡದಲ್ಲಿ ಒಂದು ಕಟ್ಟಳೆಯಿತ್ತು: ತಂಡದ ಬಟ್ಟೆ ತೊಟ್ಟು ಬಂದವರು ಯಾರೂ ಆಡದೆ ಮನೆಗೆ ಹೋಗುವಂತಿಲ್ಲ. ಪಂದ್ಯ ಎಷ್ಟೇ ಬಿಗಿಯಾಗಿರಲಿ, ಎಲ್ಲರಿಗೂ ಒಂದು ಸರದಿ ಸಿಗಲೇಬೇಕು.

ಈ ಕಟ್ಟಳೆಗೆ ಹಳೆಯದೊಂದು ಕಾರಣವಿತ್ತು. ತಾವು ಓದುತ್ತಿದ್ದ ಕಾಲದಲ್ಲಿ ಮೇಷ್ಟ್ರೂ ಕಾಲೇಜು ತಂಡದಲ್ಲಿದ್ದರು. ಇದ್ದರು ಎಂದರೆ ಬೆಂಚಿನ ಮೇಲೆ. ಉದ್ದವಿದ್ದಾನೆ ಎಂದು ಸೇರಿಸಿಕೊಂಡವರು, ನಿಧಾನ ಎಂದು ಕೂರಿಸಿಬಿಟ್ಟಿದ್ದರು. ಫೈನಲ್ ಆದ ದಿನ ಅವರ ಅಪ್ಪ ಕಾರ್ಖಾನೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೋಡಲು ಬಂದಿದ್ದರು. ಮಗ ಎದ್ದು ಮೈ ಬಿಸಿ ಮಾಡಿಕೊಂಡು ಕೂತ, ಮತ್ತೆ ಎದ್ದ, ಮತ್ತೆ ಕೂತ. ಕೊನೆಯವರೆಗೂ ಯಾರೂ ಕರೆಯಲಿಲ್ಲ. ಮನೆಗೆ ನಡೆಯುವಾಗ ಅಪ್ಪ "ಚೆನ್ನಾಗಿತ್ತು" ಎಂದಷ್ಟೇ ಹೇಳಿದರು. ಏನು ಚೆನ್ನಾಗಿತ್ತು ಎಂದು ಮಗ ಕೇಳಲಿಲ್ಲ. ಆ ಒಂದು ಮಾತು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು. ಮುಂದೆ ತಾವೇ ಮೇಷ್ಟ್ರಾದಾಗ, ಆ ನೋವು ಇನ್ಯಾರಿಗೂ ಬೇಡ ಎಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು.

ಮೊದಮೊದಲು ಅದು ನಡೆಯಿತು. ತಂಡಗಳೆಲ್ಲ ಹೆಚ್ಚುಕಡಿಮೆ ಒಂದೇ ತೂಕದವಾಗಿದ್ದ ಕಾಲ ಅದು. ಆಮೇಲೆ ಹೊಸ ಕಾಲೇಜುಗಳು ಬಂದವು. ಮರದ ನೆಲ, ಹಾಸ್ಟೆಲ್, ಬೇರೆ ಊರಿನಿಂದ ಹುಡುಕಿ ತಂದ ಆಟಗಾರ್ತಿಯರು. ಮೇಷ್ಟ್ರ ತಂಡ ಒಂದರ ಹಿಂದೆ ಒಂದು ವರ್ಷ ನೆಲಕಚ್ಚಿತು. ಆಡಳಿತ ಮಂಡಳಿಯ ಕಾರ್ಯದರ್ಶಿ ಗೊಣಗತೊಡಗಿದರು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಹಾಸಿಗೆ ಹಿಡಿದಳು. ಊರವರಿಗೆಲ್ಲ ಸೂಜಿ ಚುಚ್ಚುತ್ತಿದ್ದವಳು ತನ್ನ ಕಾಯಿಲೆಯನ್ನು ಮಾತ್ರ ಆಮೇಲೆ ನೋಡೋಣ ಎಂದು ಮುಂದೂಡುತ್ತಲೇ ಬಂದಿದ್ದಳು. ತಿಳಿಯುವ ಹೊತ್ತಿಗೆ ಕೈ ಮೀರಿತ್ತು. ಆಕೆ ತೀರಿಕೊಂಡ ವರ್ಷ ಮೇಷ್ಟ್ರನ್ನು ತೆಗೆಯುವ ಮಾತನ್ನು ಎತ್ತಲು ಯಾರಿಗೂ ಬಾಯಿ ಬರಲಿಲ್ಲ. "ಇನ್ನೊಂದು ವರ್ಷ ಇರ್ಲಿ ಬಿಡಿ, ಪಾಪ" ಎಂದರು. ಆ ಪಾಪದ ವರ್ಷದ ಕಥೆಯೇ ಇದು.

ಆ ವರ್ಷ ತಂಡದ ಕ್ಯಾಪ್ಟನ್ ಆಗಿದ್ದವಳು ಶಾಲೆಯ ಬಸ್ ಓಡಿಸುವವರ ಮಗಳು. ಕೊನೆಯ ವರ್ಷದ ಓದು. ಮೈಯೆಲ್ಲ ಕಣ್ಣು ಎನ್ನುವ ಹಾಗೆ ಆಡುತ್ತಿದ್ದಳು. ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಚೆಂಡಿಗಿಂತ ಮೊದಲೇ ಅವಳಿಗೆ ತಿಳಿದಿರುತ್ತಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ಸೆಮಿಫೈನಲ್ ನೋಡಲು ಮಾತ್ರ ಬರುತ್ತಿದ್ದರು. ಅಲ್ಲಿಯವರೆಗೆ ಹೋದರೆ ಅವಳನ್ನು ಬಿಡುವವರಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೋಗುವುದೇ ಕಷ್ಟವಾಗಿತ್ತು.

ಅದೇ ತಂಡದಲ್ಲಿ ಗುಬ್ಬಿ ಇದ್ದಳು. ಕುಳ್ಳಗೆ, ದುಂಡಗೆ, ಮಾತಿನ ಮಲ್ಲಿ. ಅವರಪ್ಪ ಬಟ್ಟೆ ಹೊಲಿಯುವವರು. ಕ್ಯಾಪ್ಟನ್ ಇದ್ದ ಬೀದಿಯಲ್ಲೇ ಅವಳ ಮನೆ. ಅವಳ ಬಾಲ ಹಿಡಿದುಕೊಂಡೇ ಗುಬ್ಬಿ ತಂಡಕ್ಕೆ ಬಂದಿದ್ದಳು. ಆಟ ಅಷ್ಟಕ್ಕಷ್ಟೆ. ಆದರೆ ಹರಿದ ಜೆರ್ಸಿಗಳನ್ನು ಹೊಲಿದು ತರುವವಳು ಅವಳು, ಬಸ್ಸಿನಲ್ಲಿ ಎಲ್ಲರ ನಡಿಗೆಯನ್ನೂ ಅಣಕಿಸಿ ನಗಿಸುವವಳು ಅವಳು. ಮೇಷ್ಟ್ರು ಬಗ್ಗಿ ನಡೆಯುವುದನ್ನು ಅವರ ಎದುರಿಗೇ ಮಾಡಿ ತೋರಿಸಿದ್ದಳು. ಬೆಂಚಿನ ಮೇಲೆ ಕೂತು ಅವಳು ಕೂಗಿದರೆ ಎದುರು ತಂಡದವರು ತಿರುಗಿ ನೋಡಬೇಕು.

ಹೇಗೋ ಏನೋ, ಆ ವರ್ಷ ತಂಡ ತೆವಳಿಕೊಂಡು ಲೀಗ್‌ನ ಕೊನೆಯ ಪಂದ್ಯದವರೆಗೆ ಬಂತು. ಅದನ್ನು ಗೆದ್ದರೆ ಸೆಮಿಫೈನಲ್.

ಪಂದ್ಯ ನಡೆದದ್ದು ಎದುರಾಳಿ ಕಾಲೇಜಿನ ಒಳಾಂಗಣದಲ್ಲಿ. ಮರದ ನೆಲದ ಮೇಲೆ ಬೂಟುಗಳು ಕೀಚುಗುಟ್ಟುತ್ತಿದ್ದವು. ಕ್ಯಾಪ್ಟನ್ ಅಂದು ಒಬ್ಬಳೇ ತಂಡವನ್ನು ಹೊತ್ತುಕೊಂಡಿದ್ದಳು. ಇನ್ನು ಕೆಲವೇ ಕ್ಷಣ ಉಳಿದಾಗ ಮೇಷ್ಟ್ರ ತಂಡದ್ದೇ ಒಂದು ಅಂಕ ಮುಂದು. ಆಗ ಚೆಂಡು ಹೊರಗೆ ಹೋಗಿ ಆಟ ನಿಂತಿತು. ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಅಂದು ಕೋರ್ಟಿಗೆ ಇಳಿಯದೆ ಉಳಿದವಳು ಗುಬ್ಬಿ ಒಬ್ಬಳೇ.

"ಏಳಮ್ಮ, ನಿನ್ನ ಸರದಿ" ಎಂದರು.

ಗುಬ್ಬಿ ಎದ್ದು ನಿಂತಳು. ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕ್ಯಾಪ್ಟನ್ ಓಡಿ ಬಂದಳು.

"ಸರ್, ಇವತ್ತೊಂದಿನ ಬೇಡ. ಕೈ ಮುಗೀತೀನಿ."

"ಎಲ್ರೂ ಆಡ್ತಾರಮ್ಮ. ಮೊದಲಿಂದಲೂ ಹಾಗೇ ತಾನೇ?"

"ಇವತ್ತು ಸೋತ್ರೆ ಮುಗೀತು ಸರ್."

"ಅವಳೂ ಮನೇಲಿ ಅಪ್ಪನಿಗೆ ಆಡ್ದೆ ಅಂತ ಹೇಳ್ಬೇಕಲ್ವಾ?" ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು.

ಕ್ಯಾಪ್ಟನ್ ತನ್ನ ಜಾಗಕ್ಕೆ ಹಿಂದಿರುಗಿದಳು. ಆಟ ಶುರುವಾದದ್ದೇ ತಡ, ಎದುರು ತಂಡದ ಇಬ್ಬರು ಬಂದು ಕ್ಯಾಪ್ಟನ್‌ಳನ್ನು ಮುತ್ತಿದರು. ಅವಳು ಅತ್ತ ಇತ್ತ ನೋಡಿದಳು. ಎಲ್ಲರ ಮೇಲೂ ಕಾವಲಿತ್ತು. ಯಾರೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದವಳು ಗುಬ್ಬಿ ಒಬ್ಬಳೇ. ಬೇರೆ ದಾರಿಯಿಲ್ಲದೆ ಚೆಂಡನ್ನು ಅವಳ ಕಡೆ ಎಸೆದಳು. ಒಳ್ಳೆಯ ಎಸೆತವೇ. ಚೆಂಡು ಗುಬ್ಬಿಯ ಎರಡು ಕೈಗಳ ನಡುವೆ ಬಂದು, ಬೆರಳಿಗೆ ಬಡಿದು, ಗೆರೆಯಾಚೆ ಉರುಳಿತು. ಎದುರಾಳಿಗಳು ಅದನ್ನು ಒಳಗೆಸೆದರು, ಓಡಿದರು, ಬುಟ್ಟಿಗೆ ಹಾಕಿದರು. ಗಂಟೆ ಹೊಡೆಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಗುಬ್ಬಿಯನ್ನು ಒಂದು ಮಾತೂ ಅನ್ನಲಿಲ್ಲ. ಅವಳು ಡ್ರೈವರ್ ಪಕ್ಕದ ಸೀಟಿನಲ್ಲಿ ಒಬ್ಬಳೇ ಕೂತು, ಮುಂದಿನ ಗಾಜಿನಾಚೆ ನೋಡುತ್ತಿದ್ದಳು. ಕ್ಯಾಪ್ಟನ್ ಹಿಂದಿನ ಸೀಟಿನಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದಳು.

ಮನೆಯಲ್ಲಿ ಅಕ್ಕ ಬಾಗಿಲು ತೆರೆದು, "ಗೆದ್ರಾ, ಸೋತ್ರಾ?" ಎಂದಳು.

"ಸೋತ್ವಿ."

"ಮುಖ ನೋಡಿದ್ರೇ ಗೊತ್ತಾಯ್ತು, ಬಾಯಿಮಾತಿಗೆ ಕೇಳಿದೆ. ಹೋಗು, ಕೈಕಾಲು ತೊಳ್ಕೊಂಡು ಬಾ, ಊಟ ಮಾಡು."

ಅದಾದ ಕೆಲವು ದಿನಕ್ಕೆ ಪ್ರಿನ್ಸಿಪಾಲ್ ಮೇಡಂ ಅವರ ಕೋಣೆಯಲ್ಲಿ ಕ್ರೀಡಾ ಸಮಿತಿ ಸೇರಿತು. ಮೇಷ್ಟ್ರನ್ನು ಇನ್ನೊಂದು ವರ್ಷ ಕೋಚ್ ಆಗಿ ಇಟ್ಟುಕೊಳ್ಳಬೇಕೇ ಬೇಡವೇ ಎನ್ನುವುದು ವಿಷಯ. ಮೇಷ್ಟ್ರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಮಂಡಿಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮುದುರಿ ಕೂತಿದ್ದರು.

"ನೀವು ಒಳ್ಳೆಯವರು ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇಲ್ಲ ಮೇಷ್ಟ್ರೇ" ಎಂದರು ಕಾರ್ಯದರ್ಶಿ. "ನಮ್ಮ ಕಷ್ಟವೇ ಅದು. ಕೆಟ್ಟವರಾಗಿದ್ರೆ ಹೋದ ವರ್ಷವೇ ಮುಗಿಸಿರ್ತಿದ್ವಿ."

ಪ್ರಿನ್ಸಿಪಾಲ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಡೋರು ಹುಡುಗೀರು. ಅವರನ್ನೇ ಒಂದು ಮಾತು ಕೇಳೋಣ" ಎಂದು ಕ್ಯಾಪ್ಟನ್‌ಳನ್ನು ಕರೆಸಿದರು. ಮೇಷ್ಟ್ರು ಹೊರಗೆ ಹೋಗಲು ಎದ್ದರು.

"ಸರ್ ಇಲ್ಲೇ ಇರ್ಲಿ ಮೇಡಂ" ಎಂದಳು ಕ್ಯಾಪ್ಟನ್. "ಅವರ ಬೆನ್ನ ಹಿಂದೆ ಆದ್ರೆ ನಾನೇನೂ ಹೇಳಲ್ಲ."

"ಸರಿ, ಹೇಳಮ್ಮ."

ಅವಳು ತನ್ನ ಉಗುರು ನೋಡಿಕೊಳ್ಳುತ್ತಲೇ ಶುರು ಮಾಡಿದಳು. "ಸರ್ ನಮ್ಮನ್ನ ಯಾವತ್ತೂ ಬೈದಿಲ್ಲ. ನನ್ನ ಕಾಲು ಉಳುಕಿದಾಗ ಆಸ್ಪತ್ರೆಗೆ ಹೊತ್ಕೊಂಡು ಹೋದವರು ಅವರೇ. ಮನೇಲಿ ಆಂಟಿ ತೀರಿಕೊಂಡಾಗಲೂ ನಮ್ಮ ಅಭ್ಯಾಸ ತಪ್ಪಬಾರ್ದು ಅಂತ ಬಂದ್ರು. ಆವತ್ತು ಸೀಟಿ ಊದೋಕೆ ಹೋಗಿ ಊದೋಕಾಗದೆ ಹಾಗೇ ನಿಂತಿದ್ರು. ನಾವು ನೋಡಿದ್ವಿ." ಅವಳು ಮೇಡಂ ಕಡೆ ತಿರುಗಿದಳು. "ಆದ್ರೆ ಸರ್ ಗೆಲ್ಲೋಕೆ ಅಂತ ಆಡ್ಸಲ್ಲ ಮೇಡಂ. ನಮಗೆ ಗೆಲ್ಲೋ ಆಸೆ ಇದೆ ಅನ್ನೋದು ಅವರಿಗೆ ಕಾಣ್ಸೋದೇ ಇಲ್ಲ. ದಿನಾ ಮಂಡಿ ತರಚ್ಕೊಂಡು ಓಡಿದ್ದು ಎಲ್ರೂ ಒಂದೊಂದು ಸಲ ಚೆಂಡು ಮುಟ್ಲಿ ಅಂತ ಅಲ್ಲ."

"ಅಂದ್ರೆ ಮುಂದಿನ ವರ್ಷ ಇವರು ಬೇಡ ಅಂತೀಯಾ?" ಎಂದರು ಕಾರ್ಯದರ್ಶಿ.

"ಮುಂದಿನ ವರ್ಷ ನಾನೇ ಇರಲ್ಲ ಸರ್. ನನ್ನದು ಮುಗೀತು. ಬೇಡ ಅಂತ ನಾನು ಹೇಳಲ್ಲ. ಬೇಕು ಅನ್ನೋಕೂ ಬಾಯಿ ಬರ್ತಿಲ್ಲ."

ಅವಳು ಹೋದ ಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು. ಪ್ರಿನ್ಸಿಪಾಲ್ ಮೇಡಂ ಹಟ ಹಿಡಿದರು. ಕಂಬ ವಾಲಿದ ಕೋರ್ಟು ಕೊಟ್ಟು ಕಪ್ ಗೆದ್ದು ತಾ ಅಂದರೆ ಎಲ್ಲಿಂದ ತರುತ್ತಾರೆ ಎಂದು ಕಾರ್ಯದರ್ಶಿಯನ್ನೇ ಕೇಳಿದರು. ಕೊನೆಗೆ ಹೊಂದಾಣಿಕೆಯಾಯಿತು: ಮೇಷ್ಟ್ರಿಗೆ ಇನ್ನೊಂದು ವರ್ಷ. ಆದರೆ ಯಾರನ್ನು ಯಾವಾಗ ಇಳಿಸಬೇಕು ಎನ್ನುವುದನ್ನು ಇನ್ನೊಬ್ಬ ಸಹಾಯಕ ಕೋಚ್ ನೋಡಿಕೊಳ್ಳಬೇಕು. ಮೇಷ್ಟ್ರು ತಲೆಯಾಡಿಸಿ, ಎಲ್ಲರಿಗೂ ನಮಸ್ಕಾರ ಹೇಳಿ ಹೊರಬಂದರು.

ಕ್ಯಾಪ್ಟನ್ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು.

"ಸರ್, ಕೋಪ ಬಂತಾ?"

"ಇಲ್ಲಮ್ಮ. ಹೀಗೆ ಎದುರಿಗೆ ಹೇಳೋರು ಮನೇಲಿ ಒಬ್ಬಳಿದ್ಲು. ಅವಳು ಹೋದ್ಮೇಲೆ ಯಾರೂ ಹೇಳಿರ್ಲಿಲ್ಲ." ಎರಡು ಮೆಟ್ಟಿಲು ಇಳಿದು ನಿಂತು, "ಗುಬ್ಬಿ ಎಲ್ಲಿ? ಆವತ್ತಿಂದ ಕಾಣಿಸ್ತಾನೇ ಇಲ್ಲ" ಎಂದರು.

"ನನ್ನ ಜೊತೇನೂ ಮಾತಾಡ್ತಿಲ್ಲ ಸರ್. ನನ್ನನ್ನ ಕಂಡ್ರೆ ಬೇರೆ ರಸ್ತೆ ಹಿಡೀತಾಳೆ."

ಮಾರನೇ ದಿನ ಮೇಷ್ಟ್ರು ಅವಳ ಮನೆ ಹುಡುಕಿಕೊಂಡು ಹೋದರು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅವಳ ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮೇಷ್ಟ್ರನ್ನು ನೋಡಿ ಗಡಬಡಿಸಿ ಎದ್ದು, ಕುರ್ಚಿಯ ಮೇಲಿದ್ದ ಬಟ್ಟೆಯ ತುಂಡುಗಳನ್ನು ಬಾಚಿ ಜಾಗ ಮಾಡಿದರು. "ಚೆಂಡಿನ ಮಾತೆತ್ತಿದ್ರೆ ಎದ್ದು ಹೋಗ್ತಾಳೆ ಸರ್. ಏನಾಯ್ತು ಅಂತ ಹೇಳೋದೂ ಇಲ್ಲ. ನೀವೇ ಕೇಳಿ" ಎಂದು ಮಗಳನ್ನು ಕರೆದು, ತಾವು ಚಹಾ ತರುವ ನೆಪದಲ್ಲಿ ಹೊರಗೆ ಹೋದರು.

ಗುಬ್ಬಿ ಬಂದು ಯಂತ್ರಕ್ಕೆ ಒರಗಿ ನಿಂತಳು.

"ಯಾಕಮ್ಮ ಬರ್ತಿಲ್ಲ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ ಸರ್. ಅಂದಿದ್ರೇ ಚೆನ್ನಾಗಿರ್ತಿತ್ತು."

"ಚೆಂಡು ಯಾರ ಕೈಯಿಂದ ಬೇಕಾದ್ರೂ ಜಾರತ್ತೆ."

ಅವಳು ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಳು. "ಸರ್, ನನ್ನನ್ನ ಯಾಕೆ ಇಳಿಸಿದ್ರಿ?"

"ನಿನಗೂ ಆಡೋ ಹಕ್ಕಿಲ್ವಾ? ನೀನೊಬ್ಬಳೇ ಉಳಿದಿದ್ದೆ, ಬೇಜಾರಾಗತ್ತೆ ಅಂತ..."

"ನಾನು ಕೇಳಿದ್ನಾ ಸರ್?"

ಮೇಷ್ಟ್ರು ಕುರ್ಚಿಯಲ್ಲಿ ಉಳಿದಿದ್ದ ಬಟ್ಟೆಯ ತುಂಡೊಂದನ್ನು ಮಡಚತೊಡಗಿದರು.

"ನನಗೆ ಆಟ ಬರಲ್ಲ ಅಂತ ನನಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತು. ನನಗೆ ಅವರ ಜೊತೆ ಇರೋದೇ ಇಷ್ಟ. ಬಸ್ಸಲ್ಲಿ ಹೋಗೋದು, ಕೂಗೋದು, ಜೆರ್ಸಿ ಹೊಲಿಯೋದು. ಅಷ್ಟೇ ಸಾಕಾಗಿತ್ತು ನನಗೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಾದವರ ದನಿಯಾಗಿತ್ತು. "ಪ್ರತಿ ಸಲ ನೀವು ಹೆಸರು ಕರೆಯೋವಾಗ ಕಟ್ಟಿದ ಬೂಟನ್ನೇ ಬಿಚ್ಚಿ ಕಟ್ತಾ ಹೊತ್ತು ಕಳೀತಿದ್ದೆ. ಬೇಡ ಅಂದ್ರೆ ನಿಮಗೆ ಬೇಜಾರಾಗತ್ತೆ ಅಂತ ಹೋಗ್ತಿದ್ದೆ. ಈಗ ಕ್ಯಾಪ್ಟನ್ ಅಕ್ಕನ ಮುಖ ನೋಡೋಕಾಗ್ತಿಲ್ಲ. ಅವಳು ನನ್ನ ಬೈಯಲ್ಲ ಸರ್, ಅದೇ ತಡ್ಕೊಳ್ಳೋಕಾಗಲ್ಲ."

ಅವಳ ಅಪ್ಪ ಚಹಾ ತಂದರು. ಮೇಷ್ಟ್ರು ಅದನ್ನು ಬಿಸಿಬಿಸಿಯಾಗಿಯೇ ಕುಡಿದು, ನಾಲಿಗೆ ಸುಟ್ಟುಕೊಂಡು, ಹೊರಟುಬಂದರು.

ಮನೆಗೆ ಬಂದವರು ಒಳಗೆ ಹೋಗದೆ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಡಿಪೋದಲ್ಲಿ ಯಾವುದೋ ಬಸ್ಸನ್ನು ತೊಳೆಯುತ್ತಿದ್ದರು. ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ಏನೋ, ಇನ್ನೊಂದು ವರ್ಷ ಕೊಟ್ರು ಅಂದೆ. ಮುಖ ಮಾತ್ರ ಕಳ್ಕೊಂಡೋರ ಹಾಗಿದೆ."

ಮೇಷ್ಟ್ರು ಗುಬ್ಬಿ ಹೇಳಿದ್ದನ್ನೆಲ್ಲ ಹೇಳಿದರು. ಆಮೇಲೆ, ಇಷ್ಟು ವರ್ಷ ಯಾರಲ್ಲೂ ಹೇಳದಿದ್ದ ಆ ಫೈನಲ್ ದಿನದ ಮಾತನ್ನೂ ಹೇಳಿದರು. ಅಪ್ಪ ರಜೆ ಹಾಕಿ ಬಂದದ್ದು, ಮಗ ಬೆಂಚಿನ ಮೇಲೇ ಉಳಿದದ್ದು, "ಚೆನ್ನಾಗಿತ್ತು" ಎಂದು ಅಪ್ಪ ಮಗನ ಮನಸ್ಸು ನೋಯದಿರಲೆಂದು ಸುಳ್ಳು ಹೇಳಿದ್ದು.

ಅಕ್ಕ ಅವರ ಮುಖವನ್ನೇ ನೋಡಿದಳು. "ಸುಳ್ಳು ಅಂತ ಯಾರು ಹೇಳಿದ್ರು ನಿನಗೆ?"

"ಮತ್ತೇನು? ನಾನು ಆಡಲೇ ಇಲ್ವಲ್ಲ."

"ಅಪ್ಪಂಗೆ ಆಟ ಎಲ್ಲಿ ಗೊತ್ತಾಗ್ತಿತ್ತೋ. ಆವತ್ತು ಮನೆಗೆ ಬಂದವರು ಕೂತಲ್ಲಿ ಕೂರಲಿಲ್ಲ. ಬೀದಿಯವರಿಗೆಲ್ಲ ಹೇಳ್ಕೊಂಡು ಬಂದ್ರು. ಆ ಬಟ್ಟೇಲಿ ನನ್ನ ಮಗ ಎಷ್ಟು ಚೆಂದ ಕಾಣ್ತಿದ್ದ, ಎಲ್ಲರಿಗಿಂತ ಅವನೇ ಎತ್ತರ, ದೂರದಿಂದಲೇ ಕಾಣ್ತಿದ್ದ ಅಂತ. ನಮ್ಮಮ್ಮ ಸಾಕು ಸುಮ್ನಿರಿ ಅನ್ನಬೇಕಾಯ್ತು."

ಮೇಷ್ಟ್ರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಹೆಂಡತಿ ಹೋದಾಗಲೂ ತಮ್ಮ ಹೀಗೆ ಅತ್ತದ್ದನ್ನು ಅಕ್ಕ ನೋಡಿರಲಿಲ್ಲ. ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ಆ ವಾರವೇ ಅವರು ಪ್ರಿನ್ಸಿಪಾಲ್ ಮೇಡಂ ಅವರನ್ನು ಕಂಡು, ತಂಡವನ್ನು ಬೇರೆಯವರಿಗೆ ಕೊಡಿ ಎಂದರು.

"ಇದೇನು ಮೇಷ್ಟ್ರೇ, ನಿಮಗೋಸ್ಕರ ಜಗಳ ಆಡಿ ಒಂದು ವರ್ಷ ತಂದಿದ್ದೀನಿ" ಎಂದರು ಮೇಡಂ ಬೇಸರದಿಂದ.

"ಗೊತ್ತು ಮೇಡಂ. ನಿಮ್ಮ ಋಣ ದೊಡ್ಡದು. ಆದ್ರೆ ಈ ವರ್ಷ ಬೇಕಾಗಿದ್ದು ಆ ಹುಡುಗಿಗೆ, ಕ್ಯಾಪ್ಟನ್‌ಗೆ. ಅವಳಿಗೆ ಕೊಡೋಕಾಗಲ್ಲ. ನಾನು ಇಟ್ಕೊಂಡು ಏನು ಮಾಡ್ಲಿ?"

ಮೇಡಂ ಮತ್ತೆ ಒತ್ತಾಯ ಮಾಡಲಿಲ್ಲ. ಬೆಳಗಿನ ವ್ಯಾಯಾಮದ ತರಗತಿ ಮೇಷ್ಟ್ರಿಗೇ ಉಳಿಯಿತು. ತಂಡಕ್ಕೆ ಒಬ್ಬ ಯುವತಿ ಕೋಚ್ ಆಗಿ ಬಂದಳು. ಚುರುಕು, ಖಡಕ್ಕು. ಮೊದಲ ವಾರದಲ್ಲೇ ಕಾರ್ಯದರ್ಶಿಯ ಬೆನ್ನು ಹತ್ತಿ ಆ ಕಂಬವನ್ನು ನೆಟ್ಟಗೆ ಮಾಡಿಸಿದಳು. ಯಾರು ಆಡಬೇಕು, ಯಾರು ಕೂರಬೇಕು ಎನ್ನುವುದರಲ್ಲಿ ಅವಳಿಗೆ ಗೊಂದಲವಿರಲಿಲ್ಲ. ತಂಡದವರು ಗುಬ್ಬಿಗೆ ಬರಲು ಹೇಳಿಕಳಿಸಿದರು, ಅವಳು ಬರಲಿಲ್ಲ. ಸಂಜೆ ಅಭ್ಯಾಸದ ಹೊತ್ತಿಗೆ ಮೇಷ್ಟ್ರು ಬೇಗನೆ ಮನೆಗೆ ಹೊರಟುಬಿಡುತ್ತಿದ್ದರು.

ಹೊಸ ಕೋಚ್ ಬಂದ ವರ್ಷವೇ ತಂಡ ಫೈನಲ್‌ಗೆ ಹೋಯಿತು. ಮೇಷ್ಟ್ರು ಹೋಗುವುದಿಲ್ಲ ಎಂದುಕೊಂಡಿದ್ದವರು ಕೊನೆ ಗಳಿಗೆಯಲ್ಲಿ ಅಂಗಿ ಬದಲಾಯಿಸಿ ಹೊರಟರು. ಒಳಾಂಗಣ ತುಂಬಿತ್ತು. ಹಿಂದಿನ ಗೋಡೆಗೆ ಒರಗಿ ನಿಂತರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಹಳೆಯ ಕ್ಯಾಪ್ಟನ್. ಈಗ ಅವಳು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಯ ನೀಲಿ ಅಂಗಿಯಲ್ಲೇ ನೇರ ಬಂದಿದ್ದಳು.

"ಆಡ್ತಿದ್ದೀಯಾ ಈಗ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ ಸರ್. ಕೆಲಸ ಬಿಡೋ ಹೊತ್ತಿಗೆ ಕಾಲು ಸೋತಿರತ್ತೆ."

ಇಬ್ಬರೂ ಪಂದ್ಯ ನೋಡಿದರು. ಒಳ್ಳೆಯ ಆಟ. ಕೆಲವರು ಬೆಂಚಿನಿಂದ ಏಳಲೇ ಇಲ್ಲ. ಕೊನೆಯಲ್ಲಿ ತಂಡ ಸುಲಭವಾಗಿಯೇ ಗೆದ್ದಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಳೆಯ ಕ್ಯಾಪ್ಟನ್ ಕೂಡ ಹೊಡೆದಳು. ಆಮೇಲೆ ನಿಲ್ಲಿಸಿ, ಗೋಡೆಯ ಕಡೆ ಮುಖ ಮಾಡಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

"ಖುಷಿ ಆಗ್ಬೇಕಿತ್ತಲ್ವಾ ಸರ್?"

"ಆಗ್ಲೇಬೇಕು ಅಂತೇನಿಲ್ಲಮ್ಮ." ಕೋರ್ಟಿನ ಕಡೆಯೇ ನೋಡುತ್ತ, "ನಿನ್ನ ವರ್ಷಾನ ನಾನು ಹಾಳು ಮಾಡ್ದೆ" ಎಂದರು.

ಹಾಗೇನಿಲ್ಲ ಸರ್ ಎಂದು ಅವಳು ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು ಎಂದು ಮೇಷ್ಟ್ರಿಗೆ ಅನಿಸಿತು.

ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣದವರೆಗೆ ಜೊತೆಯಲ್ಲೇ ನಡೆದರು. ಅವಳು ಆಫೀಸಿನ ಸುದ್ದಿ ಹೇಳಿದಳು, ಅಪ್ಪನಿಗೆ ಬೆನ್ನುನೋವು ಎಂದಳು. ಮೇಷ್ಟ್ರು ಯಾವ ಡಾಕ್ಟರಿಗೆ ತೋರಿಸಿದ್ದೀರಿ ಎಂದು ವಿಚಾರಿಸಿದರು. ಅವಳ ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಸೀಟು ಸಿಗದೆ, ಕಂಬಿ ಹಿಡಿದು ನಿಂತೇ "ಬರ್ತೀನಿ ಸರ್" ಎಂದು ತಲೆಯಾಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ಅಲ್ಲೇ ನಿಂತಿದ್ದರು. ಅವರ ಬಸ್ಸು ಅದಕ್ಕೂ ಮೊದಲೇ ಬಂದು ಹೋಗಿತ್ತು.